ಹಾರ್ಮೋನಿಯಂ ಬಂತು, ಕುಣಿತ ನಿಂತಿತು

ಬೆಂಗಳೂರಿನಲ್ಲಿ ಯಕ್ಷಗಾನ ಎಂದರೆ ಚೆಂಡೆ. ವಿಜಯನಗರ, ರಾಜಾಜಿನಗರದ ಕಡೆ ನೆಲೆಸಿದ ಕರಾವಳಿಯವರು ಮಳೆಗಾಲದಲ್ಲಿ ಮೇಳ ಕರೆಸುತ್ತಾರೆ, ಟಿಕೆಟ್ ಕೊಂಡು ನೋಡುತ್ತಾರೆ, ಮನೆ ಮಕ್ಕಳಿಗೂ ಹೆಜ್ಜೆ ಕಲಿಸುತ್ತಾರೆ. ಅದರಲ್ಲಿ ತಕರಾರೇನಿಲ್ಲ. ಆದರೆ ಈ ಸೀಮೆಗೂ ತನ್ನದೇ ಒಂದು ಯಕ್ಷಗಾನವಿತ್ತು. ಬೆಂಗಳೂರು, ತುಮಕೂರು, ಮಂಡ್ಯ, ಹಾಸನದ ಬಯಲು ಊರುಗಳು ಆಡಿದ ಮೂಡಲಪಾಯ ಅದು. ಜ್ಞಾನಭಾರತಿ ಮೆಟ್ರೊ ನಿಲ್ದಾಣದಲ್ಲಿ ಇಳಿಯುವ ವಿದ್ಯಾರ್ಥಿಗಳಲ್ಲಿ ಈ ಹೆಸರು ಕೇಳಿದವರು ಎಷ್ಟು ಮಂದಿ ಇದ್ದಾರೋ!

ಮೂಡಲಪಾಯಕ್ಕೆ ಚೆಂಡೆ ಇಲ್ಲ. ಭಾಗವತನ ಜೊತೆಗೆ ಮದ್ದಳೆ, ತಾಳ, ಮುಖವೀಣೆ. ಗೇಣುದ್ದದ ಮುಖವೀಣೆಯ ಚೂಪು ದನಿ ರಾತ್ರಿ ಪಕ್ಕದೂರಿಗೂ ಮುಟ್ಟುತ್ತಿತ್ತು. ರಾಜವೇಷ ಬರುವ ಹೊತ್ತಿಗೆ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಮೊದಲು ಕಾಣುವುದು ತೆರೆಯ ಮೇಲೆ ಅಲುಗಾಡುವ ಕಿರೀಟದ ತುದಿ ಮಾತ್ರ. ಒಳಗೆ ಗೆಜ್ಜೆ ಗುದ್ದುತ್ತಿರುತ್ತದೆ. ತೆರೆ ಸರಿದರೆ ಮರದಲ್ಲಿ ಕೆತ್ತಿ ಬಣ್ಣದ ಕಾಗದ, ಕನ್ನಡಿ ಚೂರು ಅಂಟಿಸಿದ ಭುಜಕೀರ್ತಿ, ಎದೆಕಟ್ಟು. ಅಷ್ಟು ಭಾರ ಹೊತ್ತವನು ಅಟ್ಟ ಅದುರುವಂತೆ ಕುಣಿಯಬೇಕು. ಕುಣಿದು ನಿಂತ ಮೇಲೆ ಸಾರಥಿ ಎದುರಿಗೆ ಬಂದು, ತಾವು ಯಾರು, ಯಾವ ಪಟ್ಟಣ, ಬಂದ ಕಾರಣವೇನು ಎಂದು ಒಂದೊಂದೇ ಕೇಳುತ್ತಾನೆ. ರಾಜ ತನ್ನ ಬಿರುದುಗಳನ್ನೆಲ್ಲ ಒಪ್ಪಿಸುತ್ತಾನೆ. ಆ ಬಿಂಕದ ನಡುವೆ ಕೋಡಂಗಿ ನುಗ್ಗಿ ಗೇಲಿ ಮಾಡಿದರೆ ಜನಕ್ಕೆ ಖುಷಿಯೋ ಖುಷಿ.

ಕರಾವಳಿಯ ವೇಷಧಾರಿ ಮಾತನ್ನು ರಂಗದ ಮೇಲೇ ಹುಟ್ಟಿಸಿಕೊಳ್ಳುತ್ತಾನೆ. ಇಲ್ಲಿ ಮಾತೂ ಬಾಯಿಪಾಠ. ಆಡುವವರು ಹಗಲು ನೇಗಿಲು ಹಿಡಿದ ರೈತರು. ಊರಿಗೆ ಭಾಗವತರನ್ನು ಕರೆಸಿ, ತಿಂಗಳುಗಟ್ಟಲೆ ರಾತ್ರಿ ಅಭ್ಯಾಸ ಮಾಡಿ, ಸುಗ್ಗಿ ಮುಗಿದ ಮೇಲೆ ‘ಕರಿಭಂಟನ ಕಾಳಗ’ದಂಥ ಒಂದು ಪ್ರಸಂಗವನ್ನು ಬೆಳಗಿನವರೆಗೆ ಆಡಿದರೆ ಮುಗಿಯಿತು, ಮತ್ತೆ ಹೊಲ. ಸಂಬಳದ ಕಲಾವಿದರು, ವರ್ಷವರ್ಷ ತಿರುಗಾಟ ಹೊರಡುವ ದೇವಸ್ಥಾನದ ಮೇಳಗಳು ಕರಾವಳಿಯ ಭಾಗ್ಯ. ವಿದ್ವತ್ತಿನಲ್ಲೂ ಹಾಗೆಯೇ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲೇ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮೂಡಲಪಾಯದ ಬೆನ್ನು ಹತ್ತಿದ ವಿದ್ವಾಂಸರು ನಾಗಮಂಗಲ ಸೀಮೆಯ ಜೀ.ಶಂ. ಪರಮಶಿವಯ್ಯನವರು. ಅವರು ಹಳ್ಳಿಹಳ್ಳಿ ಸುತ್ತದಿದ್ದರೆ ಇವತ್ತು ಹೇಳಲು ಇಷ್ಟೂ ಸಿಗುತ್ತಿರಲಿಲ್ಲ.

ಹೊಲಗಳು ಲೇಔಟ್ ಆದವು, ಆಟ ಹೋಯಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ನಗರ ಈ ಕಡೆ ಚಾಚುತ್ತ ಬೆಂಗಳೂರು ವಿಶ್ವವಿದ್ಯಾಲಯ ಜ್ಞಾನಭಾರತಿಗೆ ಬಂದದ್ದೇ 1973ರಲ್ಲಿ. ಮೂಡಲಪಾಯದ ಕಾಲಿಗೆ ಪೆಟ್ಟು ಅದಕ್ಕೂ ಬಹಳ ಮುಂಚೆಯೇ ಬಿದ್ದಿತ್ತು. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದು ಮೂಡಲಪಾಯದ ನಟ್ಟನಡುವಿನ ತುಮಕೂರು ಸೀಮೆಯಲ್ಲಿ. ಮುಂದೆ ಅದೇ ಕಂಪನಿ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದು ‘ಕುರುಕ್ಷೇತ್ರ’ ಆಡಿತು. ಕಂಪನಿ ನಾಟಕದ ಸೀನು, ಪರದೆ, ಹಾರ್ಮೋನಿಯಂ ಕಂಡ ಹಳ್ಳಿಯವರು ಅಟ್ಟದ ಆಟ ಬಿಟ್ಟು ಪೌರಾಣಿಕ ನಾಟಕಕ್ಕೆ ಒಲಿದರು. ಭಾಗವತರ ಜಾಗಕ್ಕೆ ಡ್ರಾಮಾ ಮೇಷ್ಟ್ರು ಬಂದು ಕೂತರು.

ಆ ಹುಚ್ಚು ಇನ್ನೂ ಇಳಿದಿಲ್ಲ. ಕೆಂಗೇರಿ, ಮಾಗಡಿ ರಸ್ತೆ ಕಡೆಯ ಗೋಡೆಗಳ ಮೇಲೆ ಗದೆ ಹಿಡಿದ ದುರ್ಯೋಧನನ ಪೋಸ್ಟರ್, ಕೆಳಗೆ ಪಾತ್ರಧಾರಿಗಳ ಫೋಟೊ ಸಾಲು ಕಂಡೀತು. ಪಾತ್ರಕ್ಕೆ ತಕ್ಕಂತೆ ಕೈಯಿಂದ ದುಡ್ಡು ಹಾಕಿ, ಬಾಡಿಗೆ ಕಿರೀಟ ತೊಟ್ಟು ಆಡುವವರು ಅದೇ ರೈತರ ಮಕ್ಕಳು, ಮೊಮ್ಮಕ್ಕಳು. ಕತೆ, ಕಂಠ, ಆಸೆ ಎಲ್ಲ ಹಾಗೇ ಇದೆ. ಆದರೆ ದುರ್ಯೋಧನ ಈಗ ಮೈಕಿನ ಮುಂದೆ ನಿಂತು ಕಂದ, ಸೀಸ ಪದ್ಯ ಹಾಡುತ್ತಾನೆ. ಅವನ ಕಾಲು ಕುಣಿತ ಮರೆತಿದೆ.

ಮೂಡಲಪಾಯ ಪೂರ್ತಿ ಹೋಗಿಲ್ಲ. ತಿಪಟೂರು ಕಡೆಯ ಅರಳಗುಪ್ಪೆಯಂಥ ಊರುಗಳಲ್ಲಿ ಹಿಡಿದಿಟ್ಟುಕೊಂಡವರಿದ್ದಾರೆ. ಉತ್ಸವ, ಮೇಳಗಳಿಗೆ ಕರೆದು ಅವರಿಗೆ ಗಂಟೆಯೋ ಎರಡು ಗಂಟೆಯೋ ಕೊಟ್ಟರೆ, ಮೊದಲು ಕತ್ತರಿ ಬೀಳುವುದು ಸಾರಥಿಯ ಪ್ರಶ್ನೆಗಳಿಗೆ. ಆಮೇಲೆ ಕೋಡಂಗಿಗೆ. ಉಳಿಯುವುದು ವೇಷದ ಮೆರವಣಿಗೆ. ಜ್ಞಾನಭಾರತಿಯ ಬಗಲಿಗೇ, ಮಲ್ಲತ್ತಹಳ್ಳಿಯಲ್ಲಿ, ಸರ್ಕಾರದ ಕಲಾಗ್ರಾಮವಿದೆ. ಅಲ್ಲೊಂದು ಶನಿವಾರ ರಾತ್ರಿ ಕರಿಭಂಟನನ್ನು ಗಣಪತಿ ಪೂಜೆಯಿಂದ ಮಂಗಳದವರೆಗೆ ಇಡಿಯಾಗಿ ಆಡಿಸಬಾರದೇಕೆ? ತೂಕಡಿಸುವವರು ತೂಕಡಿಸಲಿ, ಹಿಂದೆಯೂ ತೂಕಡಿಸುತ್ತಿದ್ದರು. ಮನೆಗೆ ಮರಳಲು ಹೇಗೂ ಬೆಳಗಿನ ಮೊದಲ ಮೆಟ್ರೊ ಇದೆ.