ನಿಮಗಿದು ಗೊತ್ತೇ? ಮಿದುಳ ಗಡ್ಡೆ ಮತ್ತು ಪ್ರಕೃತಿಯ ಮದ್ದು

ಒಂದು ಮಿಲಿಮೀಟರ್ ಉದ್ದದ ಒಂದು ದುಂಡುಹುಳುವಿದೆ. ಅದು ಬೆಳೆಯುವಾಗ ಹುಟ್ಟುವ 1,090 ಜೀವಕೋಶಗಳಲ್ಲಿ ಸರಿಯಾಗಿ 131 ಕೋಶಗಳು ತಾವಾಗಿಯೇ ಸಾಯುತ್ತವೆ. ಹೀಗೆ ಸಾಯುವ ಏರ್ಪಾಡು ಕೋಶದೊಳಗೇ ಇದೆಯೆಂದು ತೋರಿಸಿದ ಮೂವರಿಗೆ 2002ರಲ್ಲಿ ನೊಬೆಲ್ ಬಂತು. ನಮ್ಮ ಮೈಯಲ್ಲೂ ಇದೇ ಏರ್ಪಾಡು. ಕ್ಯಾನ್ಸರ್ ಕೋಶ ಮಾತ್ರ ಅದಕ್ಕೆ ಜಗ್ಗುವುದಿಲ್ಲ.

ಜಗ್ಗದವುಗಳಲ್ಲಿ ಮಹಾ ಹಟಮಾರಿ ಗ್ಲಯೋಬ್ಲಾಸ್ಟೋಮಾ ಎಂಬ ಮಿದುಳ ಗಡ್ಡೆ. 2005ರಲ್ಲಿ ಪ್ರಕಟವಾದ 573 ರೋಗಿಗಳ ಪ್ರಯೋಗದಲ್ಲಿ ವಿಕಿರಣ ಚಿಕಿತ್ಸೆ ಮಾತ್ರ ಪಡೆದವರ ಬದುಕಿನ ಮಧ್ಯಾಂಕ 12.1 ತಿಂಗಳು, ಟೆಮೊಜೊಲೊಮೈಡ್ ಮಾತ್ರೆಯನ್ನೂ ಕೊಟ್ಟಾಗ 14.6 ತಿಂಗಳು. ಎರಡೂವರೆ ತಿಂಗಳ ಈ ಗಳಿಕೆಯೇ ಜಗತ್ತಿನಾದ್ಯಂತ ಚಿಕಿತ್ಸೆಯ ಕ್ರಮವನ್ನು ಬದಲಿಸಿತು!

ಇನ್ನು ಪ್ರಕೃತಿಯ ಮದ್ದುಗಳತ್ತ ನೋಡೋಣ. ಅರಿಶಿನದ ಕರ್ಕ್ಯುಮಿನ್, ಅಶ್ವಗಂಧದ ವಿತಾಫೆರಿನ್. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಈ ಗಡ್ಡೆಯ ಕೋಶಗಳನ್ನು ಇವೆರಡೂ ಸಾಯಿಸುತ್ತವೆ, ನಿಜ. ಆದರೆ ತಟ್ಟೆಗೆ ಹೊಟ್ಟೆಯಿಲ್ಲ, ಯಕೃತ್ತಿಲ್ಲ. ನುಂಗಿದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಬಲು ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಸಾರವಾದ ಪೈಪರೀನನ್ನು 20 ಮಿಲಿಗ್ರಾಂ ಕೊಟ್ಟು ನೋಡಿದರು. ಹೀರಿಕೆ ಶೇ 2,000ರಷ್ಟು ಏರಿತು. ವಾಟ್ಸಾಪ್‌ನಲ್ಲಿ ಓಡಾಡುವುದು ಈ ಅಂಕಿ. ಮೊದಲಿದ್ದದ್ದೇ ಸೊನ್ನೆಯ ಆಸುಪಾಸು ಎಂಬ ಮಾತು ಅದರ ಜೊತೆ ಓಡಾಡುವುದಿಲ್ಲ.

ರಕ್ತಕ್ಕೆ ಸೇರಿದರೂ ಮುಗಿಯಲಿಲ್ಲ. ಮಿದುಳಿನ ಸೂಕ್ಷ್ಮ ರಕ್ತನಾಳಗಳ ಗೋಡೆಯಲ್ಲಿ ಕೋಶಗಳು ಸಂದಿಲ್ಲದಂತೆ ಬಿಗಿದುಕೊಂಡಿವೆ. ಬಹುಪಾಲು ಔಷಧಗಳು ಅಲ್ಲಿಂದಲೇ ವಾಪಸ್.

ಬ್ರೆಜಿಲ್‌ನ ವೈದ್ಯರು ಇದಕ್ಕೊಂದು ಒಳದಾರಿ ಹುಡುಕಿದರು: ಮೂಗು! ಲ್ಯಾವೆಂಡರ್, ಪುದೀನದಂಥ ಗಿಡಗಳ ತೈಲದಲ್ಲಿರುವ ಪೆರಿಲೈಲ್ ಆಲ್ಕೋಹಾಲನ್ನು ಗಡ್ಡೆ ಮರುಕಳಿಸಿದ ರೋಗಿಗಳಿಗೆ ದಿನಕ್ಕೆ ನಾಲ್ಕು ಬಾರಿ ಉಸಿರಿನೊಂದಿಗೆ ಕೊಟ್ಟರು. (ಮನೆಯಲ್ಲಿ ಪುದೀನ ಎಣ್ಣೆ ಮೂಸಿದರೆ ಇದಾಗದು.)

ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವಿದೆ. ಇದನ್ನು ಮೊದಲು ಬೇರ್ಪಡಿಸಿದ್ದು 1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಭಾರತ ಮೂಲದ ಮನ್ಸುಖ್ ವಾಣಿ, ಚೀನಾದ ಒಂದು ಮರದಿಂದ. ಕೋಶದ ಡಿಎನ್ಎ ಕತ್ತರಿಸಿ ಮತ್ತೆ ಬೆಸೆಯುವ ಕಿಣ್ವವನ್ನು ಇದು ಅರ್ಧದಾರಿಯಲ್ಲೇ ಹಿಡಿದು ನಿಲ್ಲಿಸುತ್ತದೆ. ಬೆಸುಗೆ ಕಾಣದ ಕೋಶ ಸಾಯುತ್ತದೆ. ಇದರಿಂದ ರೂಪಿಸಿದ ಇರಿನೊಟೆಕಾನನ್ನು ಮರುಕಳಿಸಿದ ಗ್ಲಯೋಬ್ಲಾಸ್ಟೋಮಾದಲ್ಲೂ ಪರೀಕ್ಷಿಸಿದ್ದಾರೆ. ಕಡಿದು ಕಡಿದು ಘಟ್ಟದಲ್ಲಿ ದುರ್ವಾಸನೆ ಮರವೇ ವಿರಳವಾಗಿದೆ.

ಎಲ್ಲಕ್ಕಿಂತ ದೊಡ್ಡ ಆಸೆ ಹುಟ್ಟಿಸಿದ್ದು ಗಿಡವಲ್ಲ, ಕಡಲತಳದ ಬ್ಯಾಕ್ಟೀರಿಯ. ಬಹಾಮಾಸ್ ಬಳಿಯ ಸಮುದ್ರದ ಕೆಸರಿನಲ್ಲಿ ಸಿಕ್ಕ ಇದರ ವಸ್ತುವೇ ಮುಂದೆ ಮಾರಿಜೊಮಿಬ್ ಎಂಬ ಔಷಧವಾಯಿತು. ಕೋಶದೊಳಗೆ ಕೆಟ್ಟ ಪ್ರೋಟೀನುಗಳನ್ನು ಪುಡಿಮಾಡುವ ಯಂತ್ರವನ್ನು ಅದು ನಿಲ್ಲಿಸುತ್ತದೆ. ಪ್ರೋಟೀನು ರಾಶಿ ಬಿದ್ದು ಕೋಶ ಸಾಯುತ್ತದೆ. ಮಿದುಳಿನ ಆ ಬಿಗಿ ಗೋಡೆಯನ್ನೂ ದಾಟುತ್ತದೆ. ಇನ್ನೇನು ಬೇಕು? 749 ರೋಗಿಗಳ ಮೇಲೆ ಮೂರನೇ ಹಂತದ ಪ್ರಯೋಗ ನಡೆಯಿತು. ಮಾಮೂಲಿ ಚಿಕಿತ್ಸೆಯವರ ಬದುಕಿನ ಮಧ್ಯಾಂಕ 17 ತಿಂಗಳು, ಇದನ್ನೂ ಪಡೆದವರದು 16.5 ತಿಂಗಳು. ಅಡ್ಡಪರಿಣಾಮ ಮಾತ್ರ ಹೆಚ್ಚು. ತಟ್ಟೆಯಲ್ಲಿ ಗೆದ್ದದ್ದು ಎಷ್ಟು ದೂರ ಬಂದು ಸೋಲಬಹುದು ಎಂಬುದಕ್ಕೆ ನನಗೆ ಗೊತ್ತಿರುವಂತೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಇಲ್ಲ.

ಗ್ರೀನ್ ಟೀ? ಅದರ ಸಾರ ಬೊರ್ಟೆಜೊಮಿಬ್ ಎಂಬ ಕ್ಯಾನ್ಸರ್ ಔಷಧಕ್ಕೆ ಅಂಟಿಕೊಂಡು ಔಷಧವನ್ನೇ ನಿಷ್ಕ್ರಿಯಗೊಳಿಸುವುದನ್ನು 2009ರಲ್ಲಿ ಅಮೆರಿಕದ ಸಂಶೋಧಕರು ಕಂಡರು.

ಶಲ್ಲಕಿ ಮರದ ಅಂಟಿನ ಕಥೆ ಬೇರೆ. ಜರ್ಮನಿಯಲ್ಲಿ ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದ 44 ಮಂದಿಯ ಪ್ರಯೋಗದಲ್ಲಿ ಅದು ಮಿದುಳಿನ ಬಾವನ್ನು ತಗ್ಗಿಸಿತು. ಗಡ್ಡೆಯನ್ನು ಕೊಂದಿತೆಂದು ಅಲ್ಲಿ ಯಾರೂ ಹೇಳಿಲ್ಲ.

ಕೊನೆಯದಾಗಿ, ಮನೆಯಲ್ಲಿ ರೋಗಿಯಿದ್ದರೆ ಇದನ್ನು ನೆನಪಿಡಿ. ಮಿದುಳ ಗಡ್ಡೆಯವರಲ್ಲಿ ಹಲವರಿಗೆ ಫಿಟ್ಸ್ ತಡೆಯಲು ಫೆನಿಟಾಯಿನ್ ಕೊಡುತ್ತಾರೆ. ಅರಿಶಿನದ ಮಾತ್ರೆಗಳಿಗೆ ಸೇರಿಸುವ ಅದೇ ಪೈಪರೀನ್ ರಕ್ತದಲ್ಲಿ ಫೆನಿಟಾಯಿನ್ ಮಟ್ಟವನ್ನೂ ಏರಿಸುತ್ತದೆ. ಕಷಾಯವಾಗಲಿ, ಮಾತ್ರೆಯಾಗಲಿ, ಡಾಕ್ಟರರಿಗೆ ಹೇಳದೆ ಕೊಡಬೇಡಿ.