ಚೆಂಗ್ಡು ನಗರದ ಊಟೋಪಚಾರ

ಚೀನಾದ ನೈಋತ್ಯದಲ್ಲಿರುವ ಸಿಚುವಾನ್ ಪ್ರಾಂತದ ರಾಜಧಾನಿ ಚೆಂಗ್ಡು. ಕ್ರಿ. ಪೂ. 3ನೆಯ ಶತಮಾನದಲ್ಲಿ ಲಿ ಬಿಂಗನೆಂಬ ಅಧಿಕಾರಿ ಮಿನ್ ನದಿಯನ್ನು ಕವಲೊಡೆಸಿ ಕಟ್ಟಿಸಿದ ದುಜಿಯಾಂಗ್ಯಾನ್ ನೀರಾವರಿ ಇಂದಿಗೂ ಆ ಬಯಲನ್ನು ತಣಿಸುತ್ತಿದೆ. ನಗರದ ಅನ್ನದ ಮೂಲ ಅದೇ.

ಅಲ್ಲಿಯ ಅಡುಗೆಯೆಂದರೆ ಬರಿಯ ಖಾರವೆಂದು ಭಾವಿಸುವವರುಂಟು. ಅದು ಅರ್ಧಸತ್ಯ. ಮೆಣಸಿನಕಾಯಿ ಅಮೆರಿಕ ಖಂಡದಿಂದ ಚೀನಾವನ್ನು ಮುಟ್ಟಿದ್ದು 16ನೆಯ ಶತಮಾನದಲ್ಲಿ. ಅದಕ್ಕೂ ಬಹು ಹಿಂದಿನಿಂದ ಬಳಕೆಯಲ್ಲಿದ್ದುದು ನಾಲಗೆಯನ್ನು ಜುಮ್ಮೆನಿಸುವ ಹುವಾಜಿಯಾವೊ. ಕನ್ನಡನಾಡಿನ ಪಶ್ಚಿಮಘಟ್ಟದ ಜುಮ್ಮನಕಾಯಿಯೂ ಇದೇ ಕುಲದ್ದು. ಇದರಲ್ಲಿರುವ ಸ್ಯಾನ್‌ಶೂಲ್ ಎಂಬ ದ್ರವ್ಯವು ಸ್ಪರ್ಶದ ನರಗಳನ್ನು ಕೆಣಕುವುದರಿಂದ ತುಟಿ ಕಂಪಿಸಿದಂತಾಗುತ್ತದೆ. ಇದನ್ನು ರುಚಿಯೆನ್ನುವುದಕ್ಕಿಂತ ಸ್ಪರ್ಶವೆನ್ನುವುದೇ ಸರಿ.

1862ರ ಸುಮಾರಿಗೆ ನಗರದ ಉತ್ತರದ ಸೇತುವೆಯೊಂದರ ಬಳಿ ಚೆನ್ ಮನೆತನದ ಗೃಹಿಣಿಯೊಬ್ಬಳು, ಎಣ್ಣೆ ಹೊರುವ ಕೂಲಿಗಳಿಗೆ ಸೋಯಾ ಗಿಣ್ಣನ್ನು ಮಾಂಸದ ಚೂರುಗಳೊಡನೆ ಬೇಯಿಸಿ ಬಡಿಸುತ್ತಿದ್ದಳೆಂದು ಪ್ರತೀತಿ. ಲೋಕಪ್ರಸಿದ್ಧವಾದ ಆ ‘ಮಾಪೊ ತೋಫು’ವಿನ ಅರ್ಥ ‘ಸಿಡುಬುಕಲೆಯ ಮುದುಕಿಯ ತೋಫು’. ದುಡಿಯುವವರ ಹೊಟ್ಟೆ ತುಂಬಿಸಿದವಳ ಹೆಸರು ಮರೆಯಾಗಿ ಮುಖದ ಕಲೆ ಉಳಿದುದು ವಿಷಾದಕರ.

ಶಾಕಾಹಾರಿಗಳು ನಿರಾಶರಾಗಬೇಕಿಲ್ಲ. ವೆನ್‌ಷು ಬೌದ್ಧವಿಹಾರದಲ್ಲಿ ಸಸ್ಯಾಹಾರದ ಭೋಜನಶಾಲೆಯಿದೆ. ಊರಿನ ಚಹಾಗೃಹಗಳಲ್ಲಿ ತಟ್ಟೆ, ಬಟ್ಟಲು, ಮುಚ್ಚಳ ಮೂರೂ ಕೂಡಿದ ಪಾತ್ರೆಯಲ್ಲಿ ಚಹಾ ಕೊಡುತ್ತಾರೆ. ಬಿದಿರು ಕುರ್ಚಿಯಲ್ಲಿ ಹರಟುತ್ತ ಕುಳಿತವರಿಗೆ, ಒಮ್ಮೆ ಹಾಕಿದ ಎಲೆಗೇ ಮತ್ತೆ ಮತ್ತೆ ಬಿಸಿನೀರು ಎರೆಯುತ್ತಾರೆ.