ಮಗಳು ‘ಸೌಂಡ್ ಕಲಿತೆ’ ಅಂದರೆ ಏನು ಹೇಳುತ್ತೀರಿ?



ಪಿಯುಸಿ ಫಲಿತಾಂಶ ಬಂದ ಮೇಲೆ ನಾವುಂದ, ಮರವಂತೆ ಕಡೆಯ ಮನೆಗಳಲ್ಲಿ ಒಂದೇ ಮಾತು: ಮುಂದೆ ಏನು? ಬಿಕಾಂ, ನರ್ಸಿಂಗ್, ಡಿಪ್ಲೊಮಾ ಎಂದರೆ ನಮಗೆ ಗೊತ್ತು. ಆದರೆ ಮಗಳು ಹಟ್ಟಿಯ ಬಾಗಿಲಲ್ಲಿ ನಿಂತು, “ಅಮ್ಮ, ನಾನ್ ಸೌಂಡ್ ಇಂಜಿನಿಯರಿಂಗ್ ಕಲಿತೆ” ಎಂದರೆ? “ಮೈಕ್ ಕಟ್ಟುಕೆ ಕಾಲೇಜ್ ಬೇಕಾ?” ಎಂಬ ಮಾತು ನಮ್ಮ ಬಾಯಿಗೆ ಬರುವುದು ಸಹಜ. ಹಾಗೆ ಹೇಳುವ ಮೊದಲು ಇದನ್ನು ಓದಿ.

ಇದು ಏನು ವಿದ್ಯೆ?

ಶಬ್ದವನ್ನು ಹಿಡಿಯುವುದು, ತಿದ್ದುವುದು, ಹದವಾಗಿ ಕೇಳಿಸುವುದು ಇದರ ಕೆಲಸ. ಯಕ್ಷಗಾನದ ರಂಗಸ್ಥಳ ನೆನಪು ಮಾಡಿಕೊಳ್ಳಿ. ಚಂಡೆಯ ಅಬ್ಬರದಲ್ಲಿ ಭಾಗವತರ ಪದ ಮುಳುಗಬಾರದು, ವೇಷಧಾರಿಯ ಮಾತು ಕೊನೆಯ ಸಾಲಿನವರಿಗೂ ತಿಳಿಯಬೇಕು. ಮೈಕಿನ ಮುಖ ಸ್ಪೀಕರಿನ ಕಡೆ ತಿರುಗಿದರೆ ‘ಕುಂಯ್’ ಎಂದು ಕೂಗುತ್ತದೆ. ಸ್ಪೀಕರಿನಿಂದ ಬಂದ ಶಬ್ದವೇ ಮತ್ತೆ ಮೈಕಿಗೆ ಹೋಗಿ ಸುತ್ತುವುದು ಅದಕ್ಕೆ ಕಾರಣ. ಇಂಥ ಕಾರಣಗಳನ್ನು ತಿಳಿದು ಕೆಲಸ ಮಾಡಲು ಭೌತಶಾಸ್ತ್ರ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಕಲಿಯಬೇಕು. ಎಲ್ಲಕ್ಕಿಂತ ಮೊದಲು ಕಿವಿ ಪಳಗಬೇಕು.

ಕಿವಿಯ ಪಳಗಿಕೆ ನಿಮಗೆ ಹೊಸತಲ್ಲ. ಕೈಯಲ್ಲಿ ಹಾಲು ಕರೆಯುವಾಗ ಪಾತ್ರೆ ಎಷ್ಟು ತುಂಬಿತೆಂದು ಶಬ್ದದಿಂದಲೇ ಹೇಳುತ್ತೀರಿ. ದನ ಬೆದೆಗೆ ಬಂದು ಕೂಗುವುದಕ್ಕೂ ಹಸಿದು ಕೂಗುವುದಕ್ಕೂ ವ್ಯತ್ಯಾಸ ಒಳಗಿನಿಂದಲೇ ತಿಳಿಯುತ್ತದೆ. ಇನ್ನೊಂದು ಮಾತು: ಹಲವು ಡೇರಿಗಳಲ್ಲಿ ಹಾಲು ಪರೀಕ್ಷಿಸುವ ಯಂತ್ರ ಕೆಲಸ ಮಾಡುವುದೂ ಶಬ್ದದಿಂದಲೇ. ನಮ್ಮ ಕಿವಿಗೆ ಕೇಳದ ಅಲೆಗಳನ್ನು ಹಾಲಿನ ಮೂಲಕ ಹಾಯಿಸಿ ಅದು ಫ್ಯಾಟ್, ಎಸ್‌ಎನ್‌ಎಫ್ ಲೆಕ್ಕ ಹಾಕುತ್ತದೆ.

ಗುಂಡ್ಮಿ ಕಾಳಿಂಗ ನಾವಡರು ತೀರಿಕೊಂಡದ್ದು 1990ರಲ್ಲಿ. ಅವರ ಪದ ಇಂದಿಗೂ ನಮ್ಮ ಮನೆಗಳಲ್ಲಿ ಕೇಳುತ್ತಿದೆ. ಅಂದು ಯಾರೋ ಶ್ರದ್ಧೆಯಿಂದ ಧ್ವನಿಮುದ್ರಣ ಮಾಡಿ ಕ್ಯಾಸೆಟ್ಟಿಗೆ ಇಳಿಸಿದ್ದರಿಂದ ಅದು ಉಳಿಯಿತು. ಈ ವಿದ್ಯೆಯ ಬೆಲೆ ತಿಳಿಯಲು ಅಷ್ಟು ಸಾಕು.

ಎಲ್ಲಿ ಕಲಿಯಬಹುದು?

ನಮ್ಮ ರಾಜ್ಯದಲ್ಲೇ ಸರ್ಕಾರಿ ಸಂಸ್ಥೆ ಇದೆ: ಬೆಂಗಳೂರಿನ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಇದರ ಮೂಲ. ಛಾಯಾಗ್ರಹಣ ಮತ್ತು ಧ್ವನಿಗ್ರಹಣ ಇಲ್ಲಿನ ಡಿಪ್ಲೊಮಾ ವಿಷಯಗಳು. ಫಾಲ್ಕೆ ಪ್ರಶಸ್ತಿ ಪಡೆದ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ ಇದೇ ಪರಂಪರೆಯಲ್ಲಿ ಕಲಿತವರು. ಪದವಿ ಮುಗಿಸಿದ ಮೇಲಾದರೆ ಪುಣೆಯ ಚಲನಚಿತ್ರ ಸಂಸ್ಥೆಯಲ್ಲೂ ಈ ವಿಷಯವಿದೆ. ಕೇರಳದ ಕೊಲ್ಲಂ ಜಿಲ್ಲೆಯ ಹಳ್ಳಿಯ ರೆಸೂಲ್ ಪೂಕುಟ್ಟಿ ಅಲ್ಲಿ ಕಲಿತು, 2009ರಲ್ಲಿ ಆಸ್ಕರ್ ಪಡೆದರು.

ಮಗಳಿಗೆ ನಿಜವಾದ ಆಸಕ್ತಿ ಇದೆಯೇ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಮಣಿಪಾಲದಲ್ಲಿ ರೇಡಿಯೋ ಮಣಿಪಾಲ್, ಮಂಗಳೂರಿನ ಸಂತ ಅಲೋಶಿಯಸ್‌ನಲ್ಲಿ ರೇಡಿಯೋ ಸಾರಂಗ್ ಎಂಬ ಸಮುದಾಯ ಬಾನುಲಿಗಳಿವೆ. ಒಮ್ಮೆ ಕೇಳಿಕೊಂಡು ಹೋಗಿ ಸ್ಟುಡಿಯೋ ನೋಡಿ ಬರಲಿ. ಊರ ಹಬ್ಬದಲ್ಲಿ ಪರಿಚಯದ ಸೌಂಡ್ಸ್‌ನವರ ಜತೆ ಎರಡು ದಿನ ಇದ್ದು ತಂತಿ ಸುತ್ತಲಿ, ಪೆಟ್ಟಿಗೆ ಹೊರಲಿ. ಮತ್ತೂ ‘ಇದೇ ಬೇಕು’ ಎಂದರೆ ಆಸೆ ಗಟ್ಟಿ ಎಂದು ತಿಳಿಯಿರಿ.

ಹಣ ಕಟ್ಟುವ ಮೊದಲು

ಖಾಸಗಿ ಸಂಸ್ಥೆಗಳ ಜಾಹೀರಾತು ಚೆಂದ, ಶುಲ್ಕ ಮಾತ್ರ ಲಕ್ಷಗಳಲ್ಲಿ. ಈ ಪ್ರಶ್ನೆಗಳನ್ನು ಕೇಳದೆ ಒಂದು ರೂಪಾಯಿಯನ್ನೂ ಕೊಡಬೇಡಿ:

1. ಕೊಡುವ ಸರ್ಟಿಫಿಕೇಟ್ ಯಾವ ವಿಶ್ವವಿದ್ಯಾಲಯದ್ದು ಅಥವಾ ಯಾವ ಮಂಡಳಿಯದ್ದು? ಮಾನ್ಯತೆ ಇಲ್ಲದಿದ್ದರೆ ಬ್ಯಾಂಕಿನ ಶಿಕ್ಷಣ ಸಾಲವೂ ವಿದ್ಯಾರ್ಥಿವೇತನವೂ ಸಿಗುವುದು ಕಷ್ಟ.
2. ಯಂತ್ರದ ಮುಂದೆ ಪ್ರತಿ ವಿದ್ಯಾರ್ಥಿಗೆ ವಾರಕ್ಕೆ ಎಷ್ಟು ಗಂಟೆ?
3. ಕಳೆದ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ? ಇಬ್ಬರ ಜತೆ ಮಾತನಾಡಿಸುತ್ತೀರಾ?
4. ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಇದೆಯೇ? ಅಭ್ಯಾಸ ರಾತ್ರಿಯಾದರೆ ಮರಳುವ ವ್ಯವಸ್ಥೆ ಏನು?
5. ನಡುವೆ ಬಿಟ್ಟರೆ ಕಟ್ಟಿದ ಹಣ ಎಷ್ಟು ವಾಪಸು? ಬರವಣಿಗೆಯಲ್ಲಿ ಕೊಡುತ್ತೀರಾ?

ಶಿಕ್ಷಣ ಸಾಲಕ್ಕೆ ‘ವಿದ್ಯಾಲಕ್ಷ್ಮಿ’ ಪೋರ್ಟಲ್, ರಾಜ್ಯದ ವಿದ್ಯಾರ್ಥಿವೇತನಕ್ಕೆ ‘ಎಸ್‌ಎಸ್‌ಪಿ’ ಪೋರ್ಟಲ್ ಇದೆ. ಸಾಲ ತೆಗೆಯುವ ಮೊದಲು ಕಂತು ಎಂದಿನಿಂದ, ತಿಂಗಳಿಗೆ ಎಷ್ಟು ಎಂದು ಬರೆಸಿಕೊಳ್ಳಿ. ಆ ಮೊತ್ತವನ್ನು ನಿಮ್ಮ ಹಾಲಿನ ಬಟವಾಡೆಯ ಪಕ್ಕದಲ್ಲಿಟ್ಟು ನೋಡಿ.

ಕಷ್ಟವನ್ನೂ ಹೇಳಬೇಕು. ಬಾನುಲಿ, ಟಿವಿ, ಸಿನಿಮಾ ಡಬ್ಬಿಂಗ್, ಸಭೆ ಸಮಾರಂಭ, ಯಕ್ಷಗಾನದ ನೇರಪ್ರಸಾರ ಎಂದು ಕೆಲಸದ ದಾರಿ ಹಲವು. ಆದರೆ ಆರಂಭದಲ್ಲಿ ತಿಂಗಳ ಸಂಬಳವೇ ಸಿಗುತ್ತದೆಂದಿಲ್ಲ. ಕೆಲಸ ಬಂದಾಗ ದುಡ್ಡು. ರಾತ್ರಿ ದುಡಿಮೆ ಇರುತ್ತದೆ. ದೊಡ್ಡ ಶಬ್ದದ ಹತ್ತಿರ ವರ್ಷಗಟ್ಟಲೆ ನಿಂತರೆ ಕಿವಿ ಮಂದವಾಗುತ್ತದೆ, ಹೋದ ಕಿವಿ ಮರಳಿ ಬರುವುದಿಲ್ಲ. ಕಿವಿಗೆ ರಕ್ಷಣೆ ಹಾಕುವುದನ್ನು ಮೊದಲ ದಿನದಿಂದಲೇ ಕಲಿಯಬೇಕು.

ಆದ್ದರಿಂದ ಒಂದು ವಿನಂತಿ. ಶುಲ್ಕದ ಕೊನೆಯ ದಿನ ಹತ್ತಿರ ಬಂತೆಂದು ಹಾಲು ಕೊಡುತ್ತಿರುವ ದನವನ್ನು ಮಾರಬೇಡಿ. ಅದು ಮಗಳ ಓದು ಮುಗಿಯುವವರೆಗೂ ಮನೆ ನಡೆಸುತ್ತದೆ. ‘ಹೆಣ್ಣಿಗೆ ಇದೆಲ್ಲ ಯಾಕೆ’ ಎಂದು ಒಂದೇ ಮಾತಿನಲ್ಲಿ ಮುಗಿಸಲೂ ಬೇಡಿ. ಸಂಜೆ ಹಾಲು ಹಾಕಿ ಬಂದ ಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೇಲಿನ ಐದು ಪ್ರಶ್ನೆಗಳಿಗೆ ಅವಳೇ ಉತ್ತರ ಹುಡುಕಿ ತರಲಿ. ಆಮೇಲೆ ಇಬ್ಬರೂ ಸೇರಿ ತೀರ್ಮಾನಿಸಿ.